ಮುಳ್ಳನ್ಕೊಲ್ಲಿಯ ಶುಂಠಿ ಕೂಟವೂ ನಮ್ಮ ಕಬ್ಬಿನ ಹಣವೂ

(ಕಬ್ಬು ಬೆಳೆಗಾರ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಭೆಯಲ್ಲಿ ಸಾಮಾನ್ಯವಾಗಿ ತಳಿ, ಗೊಬ್ಬರ, ಕಟಾವು, ಬಿಲ್ಲು ಇವುಗಳ ಮಾತು ನಡೆಯುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಬಿಲ್ಲಿನ ಹಣ ಕೈಗೆ ಬಂದ ನಂತರದ ವಿಷಯ. ಕಬ್ಬಿನ ಹಣ ಬರುವ ದಿನಗಳಲ್ಲೇ ನಮ್ಮ ಹಳ್ಳಿಗಳಿಗೆ ಇನ್ನೊಂದು ಕರೆಯೂ ಬರುತ್ತದೆ: "ಶುಂಠಿಯಲ್ಲಿ ಒಂದು ಪಾಲು ಹಾಕಿ. ನೀವು ಗದ್ದೆಗೆ ಇಳಿಯಬೇಕಾಗಿಲ್ಲ. ಲಾಭ ಎರಡರಷ್ಟು. ಕೃಷಿಯ ಲಾಭವಾದ್ದರಿಂದ ತೆರಿಗೆಯೂ ಇಲ್ಲ." ಈ ಮಾತು ನಂಬಬಹುದೇ ಎಂದು ಸದಸ್ಯರು ಕೇಳುತ್ತಿದ್ದಾರೆ. ಒಂದೇ ಮಾತಿನಲ್ಲಿ ಹೌದು ಎಂದಾಗಲಿ ಅಲ್ಲ ಎಂದಾಗಲಿ ಉತ್ತರಿಸಲು ಬಾರದ ಪ್ರಶ್ನೆ ಇದು. ಅದಕ್ಕಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಶುಂಠಿ ನಮ್ಮ ಕಡೆಗೆ ಬಂದ ದಾರಿ

ಎಚ್.ಡಿ. ಕೋಟೆ ತಾಲ್ಲೂಕಿನ ಬೈರಕುಪ್ಪೆಯಲ್ಲಿ ಕಬಿನಿಯ ದಡದಲ್ಲಿ ನಿಂತರೆ ಎದುರಿಗೆ ಕಾಣುವುದು ಕೇರಳದ ವಯನಾಡು ಜಿಲ್ಲೆಯ ಪೆರಿಕ್ಕಲ್ಲೂರು. ದೋಣಿಯಲ್ಲಿ ದಾಟಿದರೆ ಮುಳ್ಳನ್ಕೊಲ್ಲಿ ಪಂಚಾಯತಿಗೆ ಕಾಲಿಟ್ಟಂತೆ. ಅದರ ಪಕ್ಕದಲ್ಲಿ ಪುಲ್ಪಳ್ಳಿ. ತಿರುವಾಂಕೂರಿನ ಕಡೆಯಿಂದ ಕಳೆದ ಶತಮಾನದ ನಡುವಿನಲ್ಲಿ ಬಂದು ನೆಲೆಸಿದ ರೈತರು ಅಲ್ಲಿ ಕಾಡು ನೆಲವನ್ನು ಹದಮಾಡಿ ಕಾಳುಮೆಣಸು ಬೆಳೆದರು. ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದು, ಬೆಲೆಯೂ ಬಿದ್ದಾಗ ಆ ನಾಡು ಬಹಳ ಕಷ್ಟಕ್ಕೆ ಸಿಕ್ಕಿತು. 2000ದ ಆಚೀಚಿನ ವರ್ಷಗಳಲ್ಲಿ ವಯನಾಡಿನಲ್ಲಿ ರೈತರ ಆತ್ಮಹತ್ಯೆಗಳು ನಡೆದದ್ದು ನಿಮಗೆ ನೆನಪಿರಬಹುದು.

ಅಂಥ ಕಾಲದಲ್ಲಿ ಅಲ್ಲಿಯ ರೈತರನ್ನು ಕೈಹಿಡಿದ ಬೆಳೆಗಳಲ್ಲಿ ಶುಂಠಿಯೂ ಒಂದು. ಆದರೆ ಶುಂಠಿಗೆ ಒಂದು ಗುಣವಿದೆ. ಒಂದೇ ನೆಲದಲ್ಲಿ ಮೇಲಿಂದ ಮೇಲೆ ಹಾಕಿದರೆ ಗೆಡ್ಡೆ ಕೊಳೆಯುವ ರೋಗ, ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ ಮಣ್ಣಿನಲ್ಲಿ ಮನೆ ಮಾಡುತ್ತವೆ. ಆದ್ದರಿಂದ ಶುಂಠಿಯವನು ಹೊಸ ನೆಲ ಹುಡುಕುತ್ತಲೇ ಇರಬೇಕು. ತನ್ನ ಊರಿನಲ್ಲಿ ನೆಲ ಸಾಲದೆ ಅವನು ಹೊಳೆ ದಾಟಿ ನಮ್ಮ ಕಡೆಗೆ ಬಂದ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಗುಂಡ್ಲುಪೇಟೆ, ಕೊಡಗು, ಹೀಗೆ ಎಲ್ಲ ಕಡೆ ಗುತ್ತಿಗೆಗೆ ನೆಲ ಹಿಡಿದು ಶುಂಠಿ ಹಾಕಿದ. ಮಡಿ ಮಾಡುವುದು, ಬಿತ್ತನೆ ಗೆಡ್ಡೆ ಆರಿಸುವುದು, ಹೊದಿಕೆ ಹಾಕುವುದು, ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯುವುದು, ಇವೆಲ್ಲವನ್ನೂ ನಮ್ಮವರು ಬಹಳ ಮಟ್ಟಿಗೆ ಅವರಿಂದಲೇ ಕಲಿತರು. ಇದನ್ನು ನಾನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಳ್ಳನ್ಕೊಲ್ಲಿಯ ರೈತ ನಮ್ಮ ವೈರಿಯಲ್ಲ, ನಮಗಿಂತ ಹೆಚ್ಚು ಪೆಟ್ಟು ತಿಂದ ರೈತ. ನನ್ನ ಮಾತು ಯಾವ ಊರಿನವರ ಮೇಲೂ ಅಲ್ಲ, ಕೂಟಕ್ಕೆ ಹಣ ಹಾಕುವ ರೀತಿಯ ಮೇಲೆ.

ಶುಂಠಿಗೆ ಬಂಡವಾಳ ಬಹಳ ಬೇಕು. ಬಿತ್ತನೆಯೇ ಹೆಕ್ಟೇರಿಗೆ ಒಂದೂವರೆ ಟನ್ನಿನ ಮೇಲೆ ಬೇಕಾಗುತ್ತದೆ. ಒಬ್ಬನ ಕೈಯಿಂದ ಆಗದು. ಆದ್ದರಿಂದ ನಾಲ್ಕಾರು ಜನ ಸೇರಿ ಕೂಟ ಮಾಡಿಕೊಳ್ಳುತ್ತಾರೆ. ಒಬ್ಬ ನಿಂತು ಕೆಲಸ ನೋಡುತ್ತಾನೆ, ಉಳಿದವರು ಹಣ ಹಾಕುತ್ತಾರೆ. ಪರಸ್ಪರ ಪರಿಚಯವಿರುವ ನಾಲ್ವರು ಹೀಗೆ ಮಾಡಿದರೆ ತಪ್ಪೇನೂ ಇಲ್ಲ. ಹೊಲವನ್ನೇ ನೋಡದ, ಕೆಲಸ ನೋಡುವವನ ಮುಖ ಪರಿಚಯವೂ ಇಲ್ಲದ ನಲವತ್ತು ಜನ ಹಣ ಹಾಕಿದಾಗ ತೊಂದರೆ ಆರಂಭವಾಗುತ್ತದೆ.

ಬೆಲೆಯ ಉಯ್ಯಾಲೆ

ಕಬ್ಬಿಗೂ ಶುಂಠಿಗೂ ಇರುವ ಮುಖ್ಯ ವ್ಯತ್ಯಾಸವನ್ನು ಮನಗಾಣಬೇಕು. ಕಬ್ಬಿಗೆ ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೂ ದರ ಗೊತ್ತುಮಾಡುತ್ತದೆ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಬ್ಬು ಪಡೆದ 14 ದಿನಗಳಲ್ಲಿ ಹಣ ಕೊಡಬೇಕು. ಬಾಕಿ ಉಳಿದಾಗ ಜಗಳವಾಡಲಿಕ್ಕೆ ನಮಗೆ ಒಂದು ಕಾನೂನಾದರೂ ಇದೆ. ಶುಂಠಿಗೆ ಇಂಥ ಯಾವ ಆಸರೆಯೂ ಇಲ್ಲ. ನಮ್ಮ ಕಡೆ ಅದರ ಬೆಲೆಯನ್ನು 60 ಕಿಲೋ ಚೀಲದ ಮೇಲೆ ಹೇಳುತ್ತಾರೆ. ಆ ಚೀಲ 2021ರ ಸುಮಾರಿನಲ್ಲಿ ಸಾವಿರ ರೂಪಾಯಿಯ ಆಸುಪಾಸಿಗೆ ಇಳಿದು, ಕಿತ್ತ ಕೂಲಿಯೂ ಹುಟ್ಟದೆ ಅನೇಕರು ನೆಲದಲ್ಲೇ ಬಿಟ್ಟರು. 2023ರ ಮಳೆಗಾಲದಲ್ಲಿ ಅದೇ ಚೀಲ ಹತ್ತು ಸಾವಿರ ದಾಟಿತು. ಆ ವರ್ಷದ ಲಾಭ ನೋಡಿ ಮರುವರ್ಷ ಎಲ್ಲರೂ ನುಗ್ಗಿದರು, ಬೆಲೆ ಮತ್ತೆ ಇಳಿಯಿತು.

ಕೂಟಕ್ಕೆ ಕರೆಯುವವನು ಯಾವಾಗಲೂ 2023ರ ಲೆಕ್ಕ ತೋರಿಸುತ್ತಾನೆ, 2021ರ ಲೆಕ್ಕವನ್ನು ನಾವೇ ಕೇಳಬೇಕು. ಪಾಲು ಹಾಕುವ ಮುಂಚೆ ಒಬ್ಬೊಬ್ಬ ಸದಸ್ಯನೂ ಮೂರು ಪ್ರಶ್ನೆಗಳನ್ನು ಕೇಳಬೇಕು. ನೆಲ ಯಾರದು? ಸಾಲ ಯಾರದು? ಆದಾಯ ಯಾರದು?

ಮೊದಲನೆಯದು: ನೆಲ ಯಾರದು?

ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾಯಿತು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಉಳಿದವರು ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಕೇರಳದಲ್ಲಿಯೂ ಭೂ ಸುಧಾರಣಾ ಕಾಯ್ದೆ ಹೊಸ ಗೇಣಿಯನ್ನು ನಿಷೇಧಿಸಿದೆ. 2020ರಲ್ಲಿ ಕರ್ನಾಟಕ ಕಾಯ್ದೆಗೆ ತಿದ್ದುಪಡಿ ಬಂದು ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಎಂದಾಯಿತಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಕೊಳ್ಳುವ ವಿಷಯ. ಗೇಣಿಯ ವಿಷಯ ಬೇರೆ.

ಹಾಗಾದರೆ ಊರೂರಲ್ಲಿ ನಡೆಯುತ್ತಿರುವ ಶುಂಠಿ ಗುತ್ತಿಗೆ ಏನು? ಬಾಯಿಮಾತಿನ ಮೇಲೆ, ಇಲ್ಲವೇ ಛಾಪಾ ಕಾಗದದ ಮೇಲೆ ಬೇರೆ ಹೆಸರಿನಲ್ಲಿ ಬರೆದ ಕರಾರಿನ ಮೇಲೆ ನಡೆಯುತ್ತಿರುವ ವ್ಯವಹಾರ. ಇಬ್ಬರ ಮನಸ್ಸು ಸರಿಯಾಗಿರುವ ತನಕ ನಡೆಯುತ್ತದೆ. ಮನಸ್ಸು ಕೆಟ್ಟ ದಿನ ಕಾನೂನಿಗೆ ವಿರೋಧವಾದ ಕರಾರನ್ನು ಹಿಡಿದುಕೊಂಡು ನ್ಯಾಯಾಲಯಕ್ಕೆ ಹೋದರೆ ಅದು ನಿಲ್ಲುವುದು ಕಷ್ಟ. ಕೂಟದ ಆಸ್ತಿ ಎಂದು ನಿಮಗೆ ತೋರಿಸುವ ಹೊಲ ಕೂಟದ್ದಲ್ಲ. ಪಹಣಿಯಲ್ಲಿ ಹೆಸರು ಬೇರೆಯವರದು. ಮಣ್ಣಿನಡಿಯ ಗೆಡ್ಡೆಯೊಂದೇ ನಿಮ್ಮ ಹಣಕ್ಕೆ ಆಧಾರ.

ಎರಡನೆಯದು: ಸಾಲ ಯಾರದು?

"ನಿಮ್ಮ ಪಾಲು ಎರಡು ಲಕ್ಷ. ಹೋದರೆ ಎರಡು ಲಕ್ಷ ಹೋಗುತ್ತದೆ, ಅದಕ್ಕಿಂತ ಹೆಚ್ಚಿಗೆ ಏನೂ ಹೋಗುವುದಿಲ್ಲ" ಎಂದು ಹೇಳುವವರಿದ್ದಾರೆ. ಇದು ಸೀಮಿತ ಹೊಣೆಯ ಪಾಲುದಾರಿಕೆಯ ಮಾತು. ನಮ್ಮ ದೇಶದಲ್ಲಿ ಅಂಥ ಸಂಸ್ಥೆಗೆ 2008ರಲ್ಲಿ ಪ್ರತ್ಯೇಕ ಕಾಯ್ದೆಯಾಯಿತು. ಆ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆಯಲ್ಲಿ ಮಾತ್ರ ಪಾಲುದಾರನ ಹೊಣೆ ಅವನು ಹಾಕಿದ ಹಣಕ್ಕೆ ನಿಲ್ಲುತ್ತದೆ. ನೋಟ್‌ಬುಕ್ಕಿನಲ್ಲಿ ಹೆಸರು ಬರೆದು, ಇಪ್ಪತ್ತು ರೂಪಾಯಿ ಕಾಗದದ ಮೇಲೆ ಸಹಿ ಹಾಕಿದ ಕೂಟ ಅದಲ್ಲ. ಅದಕ್ಕೆ ಅನ್ವಯಿಸುವುದು 1932ರ ಪಾಲುದಾರಿಕೆ ಕಾಯ್ದೆ. ಆ ಕಾಯ್ದೆಯಲ್ಲಿ ಕೂಟದ ಸಾಲಕ್ಕೆ ಒಬ್ಬೊಬ್ಬ ಪಾಲುದಾರನೂ ಪೂರ್ತಿಯಾಗಿ ಹೊಣೆ.

ಒಂದು ಲೆಕ್ಕ ಮಾಡೋಣ. ಇದು ತಿಳುವಳಿಕೆಗಾಗಿ ಹಾಕಿದ ಲೆಕ್ಕ. ಹತ್ತು ಜನ, ತಲಾ 2 ಲಕ್ಷ, ಒಟ್ಟು 20 ಲಕ್ಷ. ನಾಲ್ಕು ಎಕರೆ ಶುಂಠಿ. ಕೆಲಸ ನೋಡುವವನು ಗೊಬ್ಬರ, ಔಷಧಿಯ ಅಂಗಡಿಯಿಂದ ಕೂಟದ ಹೆಸರಿನಲ್ಲಿ ಇನ್ನೂ 6 ಲಕ್ಷ ಉದ್ದರಿ ತಂದ. ಒಟ್ಟು ಖರ್ಚು 26 ಲಕ್ಷ. ಎಕರೆಗೆ 250 ಚೀಲದಂತೆ ಸಾವಿರ ಚೀಲ ಬಂದಿತೆನ್ನಿ.

ಚೀಲಕ್ಕೆ 5,000 ಸಿಕ್ಕಿದರೆ 50 ಲಕ್ಷ. ಖರ್ಚು ಕಳೆದು 24 ಲಕ್ಷ ಲಾಭ. ತಲಾ 2 ಲಕ್ಷ 40 ಸಾವಿರ. ಎಲ್ಲರಿಗೂ ಸಂತೋಷ.

ಚೀಲಕ್ಕೆ 1,500 ಸಿಕ್ಕಿದರೆ 15 ಲಕ್ಷ. ಅಂಗಡಿಯ 6 ಲಕ್ಷ ತೀರಿಸಿ ಉಳಿಯುವುದು 9 ಲಕ್ಷ. ನಿಮ್ಮ 2 ಲಕ್ಷದಲ್ಲಿ ವಾಪಸು ಬರುವುದು 90 ಸಾವಿರ.

ಗೆಡ್ಡೆ ಕೊಳೆತು ಅರ್ಧ ಬೆಳೆ ಹೋಗಿ, 500 ಚೀಲಕ್ಕೆ ಸಾವಿರದಂತೆ ಸಿಕ್ಕಿದರೆ 5 ಲಕ್ಷ. ನಿಮ್ಮ ಬಂಡವಾಳ ಪೂರ್ತಿ ಹೋಯಿತು, ಅಂಗಡಿಗೆ ಇನ್ನೂ 1 ಲಕ್ಷ ಬಾಕಿ. ಆ ಒಂದು ಲಕ್ಷಕ್ಕೆ ಅಂಗಡಿಯವನು ಹತ್ತು ಜನರಲ್ಲಿ ಯಾರನ್ನು ಬೇಕಾದರೂ ಹಿಡಿಯಬಹುದು. ಹೊಳೆಯಾಚೆ ಹೋದವನನ್ನು ಹುಡುಕುವುದಕ್ಕಿಂತ, ಇಲ್ಲೇ ಮನೆ, ಗದ್ದೆ, ಕಾರ್ಖಾನೆಯಲ್ಲಿ ಕಬ್ಬಿನ ಬಿಲ್ಲು ಇರುವವನನ್ನು ಹಿಡಿಯುವುದು ಅವನಿಗೆ ಸುಲಭ. ಆ ಸುಲಭದ ಮನುಷ್ಯ ಯಾರೆಂದು ನಾನು ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ. ನೋಂದಣಿಯಾಗದ ಪಾಲುದಾರಿಕೆಯಲ್ಲಿ ಪಾಲುದಾರನು ಕರಾರಿನ ಹಕ್ಕಿಗಾಗಿ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹೂಡಲು ಬರುವುದಿಲ್ಲ. ಸಂಸ್ಥೆಯನ್ನು ವಿಸರ್ಜಿಸಿ ಲೆಕ್ಕ ಕೇಳುವುದಕ್ಕೆ ಮಾತ್ರ ದಾರಿ ಇದೆ. 50ಕ್ಕಿಂತ ಹೆಚ್ಚು ಜನ ಸೇರಿ ಲಾಭಕ್ಕಾಗಿ ಇಂಥ ಕೂಟ ನಡೆಸುವುದಕ್ಕೆ ಕಂಪನಿ ಕಾಯ್ದೆಯ ನಿಯಮಗಳು ಅವಕಾಶ ಕೊಡುವುದಿಲ್ಲ. ಮೋಸದ ಠೇವಣಿ ಯೋಜನೆಗಳನ್ನು ತಡೆಯಲು 2019ರಲ್ಲಿ ಕೇಂದ್ರ ಸರ್ಕಾರ ಒಂದು ಕಾಯ್ದೆ ಮಾಡಿತು. ಆದರೆ ಪಾಲುದಾರನು ಬಂಡವಾಳವಾಗಿ ಹಾಕಿದ ಹಣ ಆ ಕಾಯ್ದೆಯ ಅರ್ಥದಲ್ಲಿ ಠೇವಣಿಯಲ್ಲ. "ಪಾಲುದಾರ" ಎಂಬ ಗೌರವದ ಪದಕ್ಕೆ ಸಹಿ ಹಾಕಿದ ಕ್ಷಣವೇ ಠೇವಣಿದಾರನ ರಕ್ಷಣೆ ಕೈಬಿಡುತ್ತದೆ.

ಮೂರನೆಯದು: ಆದಾಯ ಯಾರದು?

ಈಗ ತೆರಿಗೆಯ ವಿಷಯ. ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ರಾಜ್ಯಗಳಿಗೆ ಕೊಟ್ಟಿದೆ. ಆದ್ದರಿಂದ ಕೇಂದ್ರದ ಆದಾಯ ತೆರಿಗೆಯಿಂದ ಅದಕ್ಕೆ ವಿನಾಯಿತಿ. 1961ರ ಕಾಯ್ದೆಯ 10ನೆಯ ಕಲಮಿನಲ್ಲಿದ್ದ ಈ ವಿನಾಯಿತಿಯನ್ನು, 2026ರ ಏಪ್ರಿಲ್ 1ರಿಂದ ಅದರ ಸ್ಥಾನಕ್ಕೆ ಗೊತ್ತುಮಾಡಿದ 2025ರ ಹೊಸ ಕಾಯ್ದೆಯೂ ಉಳಿಸಿಕೊಂಡಿದೆ. ಆದರೆ ವಿನಾಯಿತಿ ಇರುವುದು ಕೃಷಿ ಆದಾಯಕ್ಕೆ, ಕೃಷಿಯ ಹೆಸರು ಹೇಳಿ ಬಂದ ಪ್ರತಿಯೊಂದು ರೂಪಾಯಿಗೂ ಅಲ್ಲ.

ಕೃಷಿ ಎಂದರೇನೆಂದು ಸುಪ್ರೀಂ ಕೋರ್ಟು 1957ರಲ್ಲಿ ರಾಜಾ ಬಿನಯ್ ಕುಮಾರ್ ಸಹಸ್ ರಾಯ್ ಮೊಕದ್ದಮೆಯಲ್ಲಿ ವಿವರಿಸಿತು. ಉಳುವುದು, ಬಿತ್ತುವುದು, ನೆಡುವುದು ಮುಂತಾದ ಮೂಲ ಕೆಲಸ ನೆಲದ ಮೇಲೆ ನಡೆದಿರಬೇಕು. ಕಳೆ ಕೀಳುವುದು, ಕಾಯುವುದು, ಕೊಯ್ಯುವುದು ಆ ಮೂಲ ಕೆಲಸದ ಮುಂದುವರಿಕೆ. ನಮ್ಮ ಹಿರಿಯರು "ಕೈ ಕೆಸರಾದರೆ ಬಾಯಿ ಮೊಸರು" ಎಂದರಲ್ಲ, ಕೋರ್ಟಿನ ಮಾತಿನ ತಿರುಳೂ ಬಹುಮಟ್ಟಿಗೆ ಅದೇ. ನೀವೇ ಗುದ್ದಲಿ ಹಿಡಿಯಬೇಕೆಂದಿಲ್ಲ, ಕೂಲಿ ಕೊಟ್ಟು ಮಾಡಿಸಬಹುದು. ಆದರೆ ಆ ಕೆಸರಿನ ಕೆಲಸ ನಿಮ್ಮ ಲೆಕ್ಕದಲ್ಲಿ ನಡೆದಿರಬೇಕು. ಬೇರೆಯವರು ಬೆಳೆಸಿ ನಿಲ್ಲಿಸಿದ ಬೆಳೆಯನ್ನು ಕೊಂಡು, ಕಿತ್ತು ಮಾರಿದವನ ಲಾಭ ವ್ಯಾಪಾರದ ಲಾಭ. ಅದಕ್ಕೆ ತೆರಿಗೆ ಉಂಟು.

ಇದಕ್ಕಿಂತಲೂ ನಮ್ಮ ಪ್ರಶ್ನೆಗೆ ಹತ್ತಿರವಾದದ್ದು 1954ರಲ್ಲಿ ತೀರ್ಮಾನವಾದ ಬಾಚಾ ಗುಜ್ದರ್ ಅವರ ಮೊಕದ್ದಮೆ. ಆಕೆ ಎರಡು ಚಹಾ ಕಂಪನಿಗಳಲ್ಲಿ ಷೇರುದಾರರು. ಬಂದ ಲಾಭಾಂಶ 2,750 ರೂಪಾಯಿ. ಚಹಾ ಕಂಪನಿಯ ಆದಾಯದಲ್ಲಿ ನೂರಕ್ಕೆ 60ರಷ್ಟನ್ನು ಕೃಷಿ ಆದಾಯವೆಂದು ಬಿಡುವ ನಿಯಮವಿದೆ. ಹಾಗಾದರೆ ನನ್ನ ಲಾಭಾಂಶದಲ್ಲೂ 60ರಷ್ಟು ಕೃಷಿ ಆದಾಯವಲ್ಲವೇ ಎಂದು ಆಕೆ ವಾದಿಸಿದರು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ತೋಟ ಕಂಪನಿಯದು, ಷೇರುದಾರರದಲ್ಲ. ಷೇರುದಾರರಿಗೆ ಬಂದದ್ದು ಷೇರಿನ ಫಲ, ನೆಲದ ಫಲವಲ್ಲ ಎಂಬುದು ಆ ತೀರ್ಪಿನ ತಾತ್ಪರ್ಯ.

ಪಾಲುದಾರಿಕೆಯ ವಿಷಯದಲ್ಲಿ ಬೇರೆ ಉತ್ತರ ಬಂದದ್ದೂ ಉಂಟು. ಚಹಾ ಬೆಳೆಯುವ ಪಾಲುದಾರಿಕೆಯಿಂದ ಪಾಲುದಾರನು ಪಡೆದ ಸಂಬಳದ ಪ್ರಶ್ನೆ ಆರ್.ಎಂ. ಚಿದಂಬರಂ ಪಿಳ್ಳೈ ಮೊಕದ್ದಮೆಯಲ್ಲಿ ಎದ್ದಿತು. 1977ರಲ್ಲಿ ವರದಿಯಾದ ಆ ತೀರ್ಪನ್ನು ಬರೆದವರು ಕೇರಳದವರೇ ಆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಪಾಲುದಾರರನ್ನು ಬಿಟ್ಟು ಪಾಲುದಾರಿಕೆಗೆ ಬೇರೆ ಅಸ್ತಿತ್ವವಿಲ್ಲ. ಸಂಬಳವೆಂದು ಕರೆದರೂ ಅದು ಲಾಭದ ಒಂದು ಭಾಗವೇ. ಆದ್ದರಿಂದ ಅದರಲ್ಲಿ ನೂರಕ್ಕೆ 60ರಷ್ಟು ಕೃಷಿ ಆದಾಯವೇ ಎಂದು ತೀರ್ಮಾನವಾಯಿತು.

ಈ ಎರಡು ತೀರ್ಪುಗಳ ನಡುವೆ ಶುಂಠಿ ಕೂಟದ ಪಾಲು ಎಲ್ಲಿ ನಿಲ್ಲುತ್ತದೆ? ಅದು ನಿಮ್ಮ ಕಾಗದವನ್ನು ಅವಲಂಬಿಸಿದೆ. ಬರಹದಲ್ಲಿ ಪಾಲುದಾರಿಕೆ ಪತ್ರವಿದ್ದು, ಒಬ್ಬೊಬ್ಬರ ಪಾಲು ನಮೂದಾಗಿದ್ದು, ಕೂಟವೇ ನಿಜವಾಗಿ ಬೆಳೆ ತೆಗೆದು ಲೆಕ್ಕ ಇಟ್ಟಿದ್ದರೆ ನಿಮ್ಮ ವಾದಕ್ಕೆ ಬಲವಿದೆ. "ಬೆಳೆ ಏನಾದರೂ ಆಗಲಿ, ತಿಂಗಳಿಗೆ ಇಷ್ಟು ಕೊಡುತ್ತೇನೆ" ಎಂದು ಬರೆದುಕೊಟ್ಟಿದ್ದರೆ ಅದು ಸಾಲದ ಬಡ್ಡಿ, ಅದಕ್ಕೆ ತೆರಿಗೆ ಉಂಟು. ಏನೂ ಬರೆಯದೆ ನಗದು ಕೊಟ್ಟು ನಗದು ಪಡೆದಿದ್ದರೆ ಅಧಿಕಾರಿಯ ಮುಂದೆ ಹೇಳುವುದಕ್ಕೆ ಏನೂ ಇರುವುದಿಲ್ಲ. ವಿನಾಯಿತಿ ಕೇಳುವವನೇ ಅದನ್ನು ರುಜುವಾತು ಮಾಡಬೇಕು. ಮೂಲ ತೋರಿಸಲಾಗದ ಹಣವೆಂದು ಎಣಿಸಿದರೆ ಭಾರಿ ದರದಲ್ಲಿ ತೆರಿಗೆ ಬೀಳುತ್ತದೆ. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯಬಾರದೆಂಬ ನಿಯಮವೂ 2017ರಲ್ಲಿ ಬಂದಿದೆ.

"ಪೂರ್ತಿ ತೆರಿಗೆಯಿಲ್ಲ" ಎಂಬ ಮಾತು ಇನ್ನೊಂದು ಕಾರಣಕ್ಕೂ ಸರಿಯಲ್ಲ. ಕೆ.ಎನ್. ರಾಜ್ ಸಮಿತಿಯ 1972ರ ಶಿಫಾರಸಿನ ಮೇಲೆ 1973ರಿಂದ ಒಂದು ಕ್ರಮ ನಡೆದುಬಂದಿದೆ. ನಿಮಗೆ ಸಂಬಳ, ಅಂಗಡಿ, ಬಾಡಿಗೆಯಂಥ ಬೇರೆ ಆದಾಯವಿದ್ದು ಅದು ತೆರಿಗೆಯ ಮಿತಿಯನ್ನು ಮೀರಿದರೆ, 5,000 ರೂಪಾಯಿ ಮೀರಿದ ಕೃಷಿ ಆದಾಯವನ್ನು ದರ ಗೊತ್ತುಮಾಡುವುದಕ್ಕಾಗಿ ಅದರ ಜೊತೆ ಕೂಡಿಸುತ್ತಾರೆ. ಕೃಷಿಯ ಹಣಕ್ಕೆ ನೇರವಾಗಿ ತೆರಿಗೆ ಬೀಳದಿದ್ದರೂ ಬೇರೆ ಆದಾಯದ ಮೇಲಿನ ದರ ಏರುತ್ತದೆ. ಮನೆಯಲ್ಲಿ ನೌಕರಿಯವರಿರುವ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ದೊಡ್ಡ ಕೂಟಗಳ ಗತಿ

ಇದೆಲ್ಲ ಸಣ್ಣ ಕೂಟದ ಮಾತಾಯಿತು. ಇದೇ ಉಪಾಯ ದೊಡ್ಡದಾದಾಗ ಏನಾಗುತ್ತದೆಂಬುದಕ್ಕೂ ಉದಾಹರಣೆಗಳಿವೆ. 1990ರ ದಶಕದಲ್ಲಿ ತೇಗದ ಗಿಡದ ಹೆಸರಿನಲ್ಲಿ ಹಣ ಕೂಡಿಸುವ ಕಂಪನಿಗಳು ದೇಶದ ತುಂಬ ಎದ್ದವು. ಚೆನ್ನೈನ ಅನುಭವ್ ಪ್ಲಾಂಟೇಶನ್ಸ್ 1998ರಲ್ಲಿ ಕುಸಿದು, ಹಣ ಹಾಕಿದವರು ಬೀದಿಗೆ ಬಂದರು. ಜನರ ಹಣ ಒಟ್ಟುಮಾಡಿ, ಅವರ ಕೈಗೆ ಆಡಳಿತ ಕೊಡದೆ ನಡೆಸುವ ಇಂಥ ಯೋಜನೆಗಳಿಗೆ ಸೆಬಿ 1999ರಲ್ಲಿ ನಿಯಮಾವಳಿ ತಂದಿತು. ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದಂತೆ ಆಯಿತು. ಬಾಗಿಲು ಹಾಕಿದ ಮೇಲೂ ಕೊಳ್ಳೆ ನಿಲ್ಲಲಿಲ್ಲ. ಕೃಷಿ ಭೂಮಿ ಕೊಡುತ್ತೇವೆಂದು ಹಣ ಪಡೆದ ಪಿ.ಎ.ಸಿ.ಎಲ್. ಕಂಪನಿಗೆ 2014ರ ಆಗಸ್ಟಿನಲ್ಲಿ ಸೆಬಿ 49,100 ಕೋಟಿ ರೂಪಾಯಿ ಹಿಂದಿರುಗಿಸಲು ಆಜ್ಞೆ ಮಾಡಿತು. ಹಣ ಕಟ್ಟಿದವರು ಸುಮಾರು 5 ಕೋಟಿ 85 ಲಕ್ಷ ಜನ. 2016ರಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಲೋಧಾ ಅವರ ಸಮಿತಿ ನೇಮಿಸಿ, ಆಸ್ತಿ ಮಾರಿ ಹಣ ಹಂಚುವ ಕೆಲಸವನ್ನು ಅದಕ್ಕೆ ಒಪ್ಪಿಸಬೇಕಾಯಿತು.

ಓದುಬರಹ ಬಲ್ಲ ಶ್ರೀಮಂತ ದೇಶದಲ್ಲಿ ಹೀಗಾಗುವುದಿಲ್ಲ ಎಂದು ತಿಳಿಯಬೇಡಿ. ಅಮೆರಿಕದಲ್ಲಿ ವಾಲ್ಟರ್ ಹೋಯ್ಟ್ ಎಂಬಾತ 1970ರ ದಶಕದಿಂದ ದನಗಳ ಪಾಲುದಾರಿಕೆಗಳನ್ನು ಕಟ್ಟಿದ. ದನದಲ್ಲಿ ಪಾಲು ಕೊಂಡರೆ ಸಂಬಳದ ಮೇಲಿನ ತೆರಿಗೆ ಉಳಿಯುತ್ತದೆಂಬುದೇ ಅವನ ಮುಖ್ಯ ಆಕರ್ಷಣೆ. ಲೆಕ್ಕದ ಪುಸ್ತಕದಲ್ಲಿದ್ದ ದನಗಳಲ್ಲಿ ಬಹಳಷ್ಟು ಕೊಟ್ಟಿಗೆಯಲ್ಲಿ ಇರಲೇ ಇಲ್ಲ. 2001ರಲ್ಲಿ ಅವನು ವಂಚನೆಯ ಅಪರಾಧಿಯೆಂದು ತೀರ್ಮಾನವಾಗಿ ಜೈಲಿಗೆ ಹೋದ. ಆದರೆ ಹಳೆಯ ತೆರಿಗೆ, ಅದರ ಬಡ್ಡಿ, ದಂಡ ಇವುಗಳ ನೋಟೀಸು ಹೋದದ್ದು ಪಾಲು ಕೊಂಡವರ ಮನೆಗೆ. ಕ್ಯಾಲಿಫೋರ್ನಿಯಾದ ಆಮ್‌ಕೋರ್ ಬೇಸಾಯ ಪಾಲುದಾರಿಕೆಗಳಲ್ಲಿ 1980ರ ದಶಕದಲ್ಲಿ ಹಣ ಹಾಕಿದವರ ತೆರಿಗೆ ವ್ಯಾಜ್ಯ 2009ರಲ್ಲಿಯೂ ಮೇಲ್ಮನವಿ ನ್ಯಾಯಾಲಯದಲ್ಲಿತ್ತು. ತೆರಿಗೆ ಉಳಿಸಲು ಹೋದವರು ಸುಮಾರು ಕಾಲು ಶತಮಾನ ವಕೀಲರ ಮನೆಗೆ ಅಲೆದರು.

ಹಾಗಾದರೆ ಏನು ಮಾಡಬೇಕು?

ಶುಂಠಿ ಬೇಡವೆಂದು ನಾನು ಹೇಳುತ್ತಿಲ್ಲ. ಕೂಳೆ ತೆಗೆದ ನೆಲದಲ್ಲಿ ನೀವೇ ಅರ್ಧ ಎಕರೆ ಹಾಕಿ ನೋಡಬಹುದು. ಕೂಟಕ್ಕೆ ಸೇರುವುದೇ ಆದರೆ ಈ ಕೆಲವು ಮಾತುಗಳನ್ನು ನೆನಪಿಡಿ.

1. ಹೊಲಕ್ಕೆ ಹೋಗಿ ನೋಡದೆ, ಪಹಣಿ ಓದದೆ ಹಣ ಕೊಡಬೇಡಿ. ಹಿಂದಿನ ವರ್ಷ ಆ ನೆಲದಲ್ಲಿ ಶುಂಠಿ ಇತ್ತೇ ಎಂದು ಅಕ್ಕಪಕ್ಕದವರನ್ನು ಕೇಳಿ.

2. ಪಾಲುದಾರಿಕೆ ಪತ್ರ ಬರೆಸಿ, ನೋಂದಣಿ ಮಾಡಿಸಿ. ಎಲ್ಲ ಪಾಲುದಾರರ ಒಪ್ಪಿಗೆಯಿಲ್ಲದೆ ಸಾಲ ತರುವಂತಿಲ್ಲವೆಂದು ಅದರಲ್ಲಿ ಬರೆಸಿ, ಆ ಷರತ್ತನ್ನು ಅಂಗಡಿಯವನಿಗೂ ಬರಹದಲ್ಲಿ ತಿಳಿಸಿ. ಅವನಿಗೆ ತಿಳಿಯದ ಷರತ್ತಿನಿಂದ ನಿಮಗೆ ರಕ್ಷಣೆಯಿಲ್ಲ.

3. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ, ಬ್ಯಾಂಕಿನ ಮೂಲಕವೇ ಪಡೆಯಿರಿ.

4. ಬಿತ್ತನೆ, ಗೊಬ್ಬರ, ಕೂಲಿ, ತೂಕದ ಚೀಟಿ, ಮಾರಾಟದ ಪಟ್ಟಿ ಎಲ್ಲದರ ನಕಲು ಪಡೆದು ಇಡಿ. ನೋಟೀಸು ಬಂದ ದಿನ ನಿಮ್ಮ ಪರವಾಗಿ ಮಾತನಾಡುವುದು ಈ ಚೀಟಿಗಳೇ.

5. ನಿಗದಿಯಾದ ಲಾಭದ ಭರವಸೆ ಕೊಡುವವನಿಂದ ದೂರವಿರಿ. ಮಳೆಗೂ ಮಾರುಕಟ್ಟೆಗೂ ಯಾರೂ ಜಾಮೀನು ನಿಲ್ಲಲಾರರು.

6. ಸಾಲ ಮಾಡಿ ಪಾಲು ಹಾಕಬೇಡಿ. ಮುಂದಿನ ನಾಟಿಯ ಖರ್ಚು, ಮಕ್ಕಳ ಫೀಜು, ಸೊಸೈಟಿಯ ಕಂತು ತೆಗೆದಿಟ್ಟ ನಂತರ, ಹೋದರೂ ಮನೆ ನಡೆಯುವಷ್ಟು ಹಣವನ್ನು ಮಾತ್ರ ಹಾಕಿ.

ಬಾಂಧವರೇ, ಈ ಕಾರ್ಖಾನೆಯಲ್ಲಿಯೂ ನಾವು ಪಾಲು ಹಾಕಿದವರೇ. ಇಲ್ಲಿ ನಮ್ಮ ಹೆಸರು ಸದಸ್ಯರ ಪಟ್ಟಿಯಲ್ಲಿದೆ, ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆಯಾಗುತ್ತದೆ, ಮಹಾಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಹಕ್ಕಿದೆ. ಆ ಹಕ್ಕನ್ನು ಉಪಯೋಗಿಸಿ ನೀವು ನಮ್ಮನ್ನು ಎಷ್ಟು ಸಾರಿ ಬೆವರಿಳಿಸಿದ್ದೀರಿ ಎಂಬುದು ಅಧ್ಯಕ್ಷರಿಗೆ ಗೊತ್ತು. ಒಂದು ಟನ್ನಿಗೆ ಹತ್ತು ರೂಪಾಯಿ ಕಡಿಮೆಯಾದರೆ ಇಲ್ಲಿ ಕೇಳುವ ಲೆಕ್ಕವನ್ನು, ಎರಡು ಲಕ್ಷ ಕೊಡುವಾಗ ಹೊಳೆಯಾಚೆಯವನನ್ನೂ ಈಚೆಯವನನ್ನೂ ಕೇಳಿ. ಲೆಕ್ಕ ಕೇಳಿದ್ದಕ್ಕೆ ಮುನಿಸಿಕೊಳ್ಳುವವನ ಕೂಟಕ್ಕೆ ಸೇರಬೇಡಿ.

 ಪಾಲುದಾರಿಕೆ ಪತ್ರವಿದ್ದವರು ಸಭೆ ಮುಗಿದ ಮೇಲೆ ತಂದು ತೋರಿಸಬಹುದು. ಒಟ್ಟಿಗೆ ಕುಳಿತು ಓದೋಣ.